ನಲವತ್ತೊಂದನೆಯ ನಡಿಗೆ

ಪೋಸ್ಟರಿನ ನಾಲ್ಕನೆಯ ಮೂಲೆ ಗೋಡೆಗೆ ಅಂಟಲು ಒಪ್ಪುತ್ತಿರಲಿಲ್ಲ. ಮೂರು ಮೂಲೆಗಳನ್ನು ಒತ್ತಿ ಹಿಡಿದು ನಾಲ್ಕನೆಯದಕ್ಕೆ ಟೇಪು ಹರಿಯುವಷ್ಟರಲ್ಲಿ ಮೊದಲನೆಯದು ಬಿಟ್ಟುಕೊಳ್ಳುತ್ತಿತ್ತು. ಅವಳು ಮೊಣಕೈಯಿಂದ ಒಂದನ್ನು ಒತ್ತಿಕೊಂಡು, ಹಲ್ಲಿನಿಂದ ಟೇಪು ಕಚ್ಚಿ, ತಾನು ಹೀಗೆ ಹಲ್ಲಿಯಂತೆ ಗೋಡೆಗೆ ಅಂಟಿಕೊಂಡಿರುವುದನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣಂಚಿನಲ್ಲಿ ಗಮನಿಸಿದಳು. ನಲವತ್ತೇಳನೆಯ ವಯಸ್ಸಿನ ಸಂಶೋಧನಾ ವಿದ್ಯಾರ್ಥಿನಿಯನ್ನು ಯಾರೂ ನೋಡುತ್ತಿರಲಿಲ್ಲ. ಅವಳ ಮೂಗಿನ ನೇರಕ್ಕೆ, ಅಂಗೈಯಷ್ಟು ದೊಡ್ಡ ಹಸಿರು ಅಂಕಿಗಳಲ್ಲಿ, ತೊಂಬತ್ತನಾಲ್ಕು ಪಾಯಿಂಟ್ ಒಂದು ಎಂದಿತ್ತು. ಇಷ್ಟು ಹತ್ತಿರದಿಂದ ಅದು ಅಂಕಿಯಾಗಿರಲಿಲ್ಲ, ಬರಿಯ ಹಸಿರು ಬಣ್ಣವಾಗಿತ್ತು. ಬೆಳಿಗ್ಗೆ ಮನೆಯಲ್ಲಿ ಅತ್ತೆ ಸ್ವೆಟರಿನ ಐದು ಗುಂಡಿ ಹಾಕಿಕೊಳ್ಳಲು ಹನ್ನೊಂದು ನಿಮಿಷ ತೆಗೆದುಕೊಂಡಿದ್ದರು. ನೋಡಬಾರದೆಂದುಕೊಂಡೇ ಅವಳು ಗಡಿಯಾರ ನೋಡಿದ್ದಳು. ಅಳೆಯುವುದು ಅಭ್ಯಾಸವಾಗಿಹೋಗಿತ್ತು. ಮೂರನೆಯ ಗುಂಡಿಯ ಹತ್ತಿರ ಬೆರಳುಗಳು ದಾರಿ ತಪ್ಪಿದವರಂತೆ ನಿಂತುಬಿಟ್ಟಾಗ ಸಹಾಯಕ್ಕೆ ಕೈ ಚಾಚಿದ್ದಳು. "ಬಿಡು. ನಿಂಗೆ ತಡ ಆಗತ್ತೆ, ಹೋಗು," ಎಂದಿದ್ದರು ಅತ್ತೆ, ಎದುರಿಗೆ ಕೂತವರಿಗೂ ಕಷ್ಟದಲ್ಲಿ ಕೇಳುವ ಈಚಿನ ದನಿಯಲ್ಲಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆ ಊರನ್ನೇ ಜೋಡಿಸಿಕೊಟ್ಟ ದನಿ ಅದು.

ಒಂದೇ ಆವರಣದಲ್ಲಿ ಮೂರು ಕಾಲೇಜುಗಳಿದ್ದವು: ವೈದ್ಯಕೀಯ, ಎಂಜಿನಿಯರಿಂಗ್, ಕಂಪ್ಯೂಟರು. ವರ್ಷಕ್ಕೊಮ್ಮೆ ಮೂರೂ ಸೇರಿ ತಾವು ಕಂಡುಹಿಡಿದದ್ದನ್ನೆಲ್ಲ ಈ ಉದ್ದನೆಯ ಓಣಿಯಂಥ ಪಡಸಾಲೆಯಲ್ಲಿ ಅಂಟಿಸುತ್ತಿದ್ದವು. ಕೆಮ್ಮಿನ ಸದ್ದು ಕೇಳಿ ಶ್ವಾಸಕೋಶದ ಗುಟ್ಟು ಹೇಳುವ ಫೋನು. ಸೇತುವೆಯ ಕಾಂಕ್ರೀಟಿನೊಳಗೆ ಬಿರುಕು ಹುಟ್ಟುವ ಮೊದಲೇ ಅದರ ಸದ್ದು ಹಿಡಿಯುವ ತಂತಿ. ಮುರಿದ ದವಡೆಗೆ ತಕ್ಕ ಮೂಳೆಯನ್ನು ಮುದ್ರಿಸಿಕೊಡುವ ಯಂತ್ರ. ನಿದ್ದೆಗೆಟ್ಟ ಇಲಿಗಳು. ಕಣ್ಣಿನ ಹಿಂಪರದೆಯ ಚಿತ್ರದಿಂದ ಹೃದಯದ ವಯಸ್ಸು. ಆಸ್ಪತ್ರೆಯ ಲಿಫ್ಟಿನ ಮುಂದೆ ಜನ ಎಷ್ಟು ಹೊತ್ತು ಕಾಯುತ್ತಾರೆಂಬುದರ ಮೇಲೆ ಎರಡು ವರ್ಷ ಮಾಡಿದ ಲೆಕ್ಕ. ಅದರ ಲೇಖಕ ಈಗ ಲಿಫ್ಟು ಕೆಟ್ಟಿದ್ದರಿಂದ ಐದು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಎಲ್ಲ ಪೋಸ್ಟರುಗಳ ಕೊನೆಯಲ್ಲೂ ಒಂದು ಶೇಕಡಾ. ಮೂಳೆ, ಸೇತುವೆ, ಇಲಿ, ನಿದ್ದೆ ಎಲ್ಲವೂ ಕೊನೆಗೆ ತೊಂಬತ್ತರ ಆಚೆಗಿನ ಒಂದು ಅಂಕಿಯಾಗಿ ನಿಲ್ಲುತ್ತಿದ್ದವು. ಪಕ್ಕದ ಪೋಸ್ಟರಿನ ಕೆಮ್ಮಿನವನು ತನ್ನ ಟೇಪನ್ನು ಅವಳಿಗೆ ಕೊಡುತ್ತ, "ನಮ್ಮ ಚಿಕ್ಕಪ್ಪ ಕೆಮ್ಮಿ ಕೆಮ್ಮಿ ಮೂರು ಪ್ರಬಂಧದಲ್ಲಿ ಬಂದಿದಾರೆ ಮೇಡಂ. ಒಂದರಲ್ಲೂ ಹೆಸರು ಹಾಕಿಲ್ಲ ಅಂತ ನನ್ನ ಹತ್ರ ಮಾತು ಬಿಟ್ಟಿದಾರೆ," ಎಂದ. ಅವಳು ನಕ್ಕಳು. ಈ ಕಟ್ಟಡದಲ್ಲಿ ಅದೊಂದು ಪದ್ಧತಿ. ಕಾಯಿಲೆಯವರು ಆಸ್ಪತ್ರೆಯಿಂದ ಸಿಗುತ್ತಿದ್ದರು. ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರು, ಅದರಲ್ಲೂ ವಯಸ್ಸಾದ ಆರೋಗ್ಯವಂತರು, ಎಲ್ಲಿಂದ ಬರಬೇಕು? ಎಲ್ಲರೂ ಮನೆಯಿಂದ ತರುತ್ತಿದ್ದರು. ಒಬ್ಬರ ತಂದೆಯ ಕಣ್ಣು, ಇನ್ನೊಬ್ಬರ ಸೋದರತ್ತೆಯ ರಕ್ತ, ಯಾರದೋ ಮಾವನ ನಿದ್ದೆ. ತಪಾಸಣೆಯಿಲ್ಲದೆ, ಬರಿಯ ನಂಬಿಕೆಯ ಮೇಲೆ, ನೆಂಟರೆಲ್ಲ ಆರೋಗ್ಯವಂತರಾಗಿ ದಾಖಲಾಗುತ್ತಿದ್ದರು.

ಅವಳ ಅಧ್ಯಯನ ಚಾಪೆಯದು. ಎಂಟು ಮೀಟರ್ ಉದ್ದದ ಬೂದುಬಣ್ಣದ ಚಾಪೆ. ಅದರ ಹೊಟ್ಟೆಯೊಳಗೆ ಕಾಲಿನ ಒತ್ತಡ ಅಳೆಯುವ ಸಾವಿರಾರು ಸಣ್ಣ ಬಿಲ್ಲೆಗಳು. ಬರಿಗಾಲಲ್ಲಿ ಅದರ ಮೇಲೆ ಆರು ಸಲ ನಡೆದರೆ ಹಿಮ್ಮಡಿ ಯಾವಾಗ ತಾಕಿತು, ಹೆಬ್ಬೆರಳು ಯಾವಾಗ ಬಿಟ್ಟಿತು, ಎಡಕ್ಕೂ ಬಲಕ್ಕೂ ಎಷ್ಟು ಅಂತರ ಎಲ್ಲವೂ ಕಂಪ್ಯೂಟರಿಗೆ ಹೋಗುತ್ತಿತ್ತು. ನಡೆದವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೋ ಇಲ್ಲವೋ ಎಂದು ಅದು ಹೇಳುತ್ತಿತ್ತು. ಚಾಪೆ ಮಾಡಿದ ಎಂಜಿನಿಯರಿಂಗ್ ಪ್ರೊಫೆಸರನ್ನು ಎಲ್ಲರೂ ಚಾಪೆ ಮೇಷ್ಟ್ರು ಎನ್ನುತ್ತಿದ್ದರು. ಅವರು ಪ್ರತಿಯೊಬ್ಬರೂ ನಡೆದ ಮೇಲೆ ತಮ್ಮದೇ ಕರವಸ್ತ್ರದಿಂದ ಅದನ್ನು ಒರೆಸುತ್ತಿದ್ದರು. ಪ್ರೋಗ್ರಾಮು ಬರೆದವಳು ಕಂಪ್ಯೂಟರ್ ವಿಭಾಗದವಳು. ದಶಮಾಂಶದ ಮುಂದೆ ಮೂರು ಅಂಕಿ ಇಲ್ಲದೆ ಬಾಯಿ ತೆರೆಯುತ್ತಿರಲಿಲ್ಲವಾದ್ದರಿಂದ ಅವಳು ಡೆಸಿಮಲ್. ಎಲ್ಲರ ಮೇಲೆ ನರರೋಗದ ಡಾಕ್ಟರು, ಮುಖ್ಯ ಮಾರ್ಗದರ್ಶಕರು. ನಾಲ್ಕನೆಯವಳು, ಪೋಸ್ಟರು ಅಂಟಿಸುತ್ತಿದ್ದ ಅವಳು, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷ ಫಿಸಿಯೋಥೆರಪಿಸ್ಟ್ ಆಗಿ ಮೊಣಕಾಲು ಮಡಿಸಿ ಬಿಡಿಸಿ, ಬಿದ್ದವರನ್ನು ಎಬ್ಬಿಸಿ ನಡೆಸಿ, ನಲವತ್ತಮೂರನೆಯ ವಯಸ್ಸಿನಲ್ಲಿ ಡಾಕ್ಟರೇಟಿಗೆ ಸೇರಿದ್ದಳು. ದೂರದ ಫುಟ್‌ಪಾತಿನ ಮೇಲೆ ಹೋಗುವವರ ಸೊಂಟದಲ್ಲಿ ಯಾವ ಕಡೆ ನೋವಿದೆ ಎಂದು ಬಸ್ಸಿನ ಕಿಟಕಿಯಿಂದ ಹೇಳಬಲ್ಲವಳು. ಅವಳ ಕಣ್ಣಿಗಿಂತ ಚಾಪೆ ಬೇಕೇ ಎಂದು ಡಾಕ್ಟರು ತಮಾಷೆ ಮಾಡುತ್ತಿದ್ದರು.

ಇಪ್ಪತ್ತು ತಿಂಗಳ ಹಿಂದೆ, ಅತ್ತೆಯನ್ನು ಆರೋಗ್ಯವಂತರ ಪಟ್ಟಿಗೆಂದು ಕರೆತಂದ ದಿನ, ಬಸ್ಸಿಳಿದು ಬರುವಾಗ ಅವರು, "ಪರೀಕ್ಷೆ ಅಂತೀಯ. ಫೇಲಾದ್ರೆ ವಾಪಸ್ ಮನೆಗೆ ಸೇರಿಸ್ತೀಯೋ ಇಲ್ವೋ, ಈಗಲೇ ಹೇಳ್ಬಿಡು," ಎಂದಿದ್ದರು. ದಾರಿಯುದ್ದಕ್ಕೂ ಮಾತು. ಗೇಟಿನ ಕಾವಲುಗಾರನ ಹತ್ತಿರ, ರಿಜಿಸ್ಟರು ಬರೆಯುವವಳ ಹತ್ತಿರ, ಕರವಸ್ತ್ರ ಹಿಡಿದು ನಿಂತ ಚಾಪೆ ಮೇಷ್ಟ್ರ ಹತ್ತಿರ. ಒಪ್ಪಿಗೆ ಪತ್ರವನ್ನು ಅವಳೇ ಓದಿ ಹೇಳಿದ್ದಳು: ಅನುಮಾನ ಪಡುವಂಥದ್ದೇನಾದರೂ ಕಂಡುಬಂದರೆ ನಿಮಗೆ ತಿಳಿಸಲಾಗುವುದು. "ಅನುಮಾನ ಪಡೋಕೆ ನಾನೇನು ಕದ್ದು ಓಡಿ ಬಂದಿದೀನಾ," ಎಂದು ಸಹಿ ಹಾಕಿದ್ದರು. ಆಮೇಲೆ ಚಪ್ಪಲಿ ಬಿಟ್ಟು ಚಾಪೆಯ ತುದಿಯಲ್ಲಿ ನಿಂತರು. ನಡೆಯುವಾಗ ಮಾತನಾಡಬಾರದು ಎಂಬುದು ನಿಯಮ. ಅತ್ತೆಯಿಂದ ಅದೊಂದು ಆಗುವುದಿಲ್ಲ ಎಂದು ಅವಳಿಗೆ ಒಳಗೇ ಅಳುಕು. ಆದರೆ ಅತ್ತೆ ಒಂದು ಮಾತೂ ಆಡಲಿಲ್ಲ. ಮೂರು ಸಲ ಹೋದರು, ಮೂರು ಸಲ ಬಂದರು, ತುಟಿ ಬಿಗಿಹಿಡಿದು, ತುಂಬಿದ ಪಾತ್ರೆ ಹೊತ್ತವರಂತೆ. ಸದ್ಯ, ಮರ್ಯಾದೆ ಉಳಿಸಿದರು ಎಂದುಕೊಂಡಿದ್ದಳು ಅವಳು. ಅತ್ತೆಗೆ ನಡೆಯಲು ಇಡೀ ಮನಸ್ಸು ಬೇಕಾಗಿತ್ತು, ಮಾತಿಗೆ ಏನೂ ಉಳಿದಿರಲಿಲ್ಲ ಎಂಬುದು ಅವಳಿಗೆ ಹೊಳೆಯಬೇಕಿತ್ತು. ಎಡಗೈ ಬೀಸುತ್ತಿರಲಿಲ್ಲ. ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿತ್ತು, ಬೇರೆಯವರದು ಎಂಬಂತೆ. ಅದನ್ನು ಅವಳು ಕಂಡಿದ್ದಳು. ಕಂಡದ್ದು ಮನಸ್ಸಿನ ಹೊಸ್ತಿಲವರೆಗೆ ಬಂದು, ಒಳಗೆ ಕರೆಯುವವರಿಲ್ಲದೆ, ಅಲ್ಲೇ ನಿಂತಿತ್ತು.

"ಇಲ್ಲಿ ನೂರ ಇಪ್ಪತ್ತು ಜನ ಅಂತ ಇದೆ," ಎಂದಿತು ಹಿಂದಿನಿಂದ ಒಂದು ದನಿ. ಹೊರಗಿನ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು, ಕನ್ನಡಕವನ್ನು ಹಣೆಗೇರಿಸಿ ಪೋಸ್ಟರಿಗೆ ಮುಖ ತಾಗಿಸಿ ಓದುತ್ತಿದ್ದ ಮುದುಕರು. "ಕೆಳಗೆ ನೂರ ಹತ್ತೊಂಬತ್ತು. ಒಬ್ರು ಎಲ್ಲಿ ಹೋದ್ರಮ್ಮ?"

"ಒಬ್ಬರನ್ನ ಕೈಬಿಟ್ವಿ ಸರ್."

"ಯಾಕೆ?"

"ನಡೆಯುವಾಗ ಮಾತಾಡಿದ್ರು."

ಅವಳ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ತಾನು ನಿಜವನ್ನೇ ಹೇಳುತ್ತಿದ್ದೇನೆಂದು ಒಂದು ಗಳಿಗೆ ಅವಳಿಗೇ ಅನಿಸಿತು. ಪರೀಕ್ಷಕರು ನಕ್ಕರು. "ಹೆಂಗಸರೇ ಇರಬೇಕು," ಎಂದರು. ಅವಳೂ ನಕ್ಕಳು. ಆ ನಗು ಮುಗಿಯುವಾಗ ಕೆನ್ನೆ ನೋಯುತ್ತಿತ್ತು. ಪರೀಕ್ಷಕರು ಕೆಮ್ಮಿನ ಕಡೆ ಸರಿದರು. ಒಬ್ಬರನ್ನು ಅಧ್ಯಯನದಿಂದ ಕೈಬಿಡಲು ಕಂಪ್ಯೂಟರಿನ ಪಟ್ಟಿಯಲ್ಲಿ ಐದು ಕಾರಣಗಳಿದ್ದವು. ಯಾವುದಾದರೊಂದನ್ನು ಒತ್ತಿದರೆ ಸಾಕು. ಕಾಲಿಗೆ ಗಾಯ. ಯಂತ್ರದ ದೋಷ. ನಡುವೆ ಮಾತು. ಸ್ವಂತ ಇಚ್ಛೆ. ಇತರೆ. ಇತರೆ ಎಂದರೆ ವಿವರಿಸಬೇಕು. ಯಂತ್ರದ ದೋಷವೆಂದರೆ ಚಾಪೆ ಮೇಷ್ಟ್ರು ಜಗಳಕ್ಕೆ ಬರುತ್ತಾರೆ. ಮಾತು ಎಂದರೆ ಅತ್ತೆಯನ್ನು ಬಲ್ಲ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಅಷ್ಟನ್ನೂ ಅವಳು ಯೋಚಿಸಿದ್ದಳು, ಕುರ್ಚಿಯಲ್ಲಿ ಕೂತು, ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡು. ಅದಕ್ಕೂ ಹತ್ತು ನಿಮಿಷ ಮೊದಲು ಡೆಸಿಮಲ್ ಫೋನು ಮಾಡಿದ್ದಳು. "ಮೇಡಂ, ಆರೋಗ್ಯವಂತರಲ್ಲಿ ನಲವತ್ತೊಂದು ಯಾರು? ಆರೋಗ್ಯವಂತರ ಕಡೆ ಕೂತು ಕಾಯಿಲೆಯವರ ಹಾಗೆ ನಡೀತಿದಾರೆ. ಮಿಷನ್ನು ಕಾಯಿಲೆ ಅಂತಾನೇ ಅಂತಿದೆ, ಆರಕ್ಕೆ ಆರು ಸಲ. ಇವರೊಬ್ಬರಿಂದ ತೊಂಬತ್ತಮೂರು ಪಾಯಿಂಟ್ ಮೂರು ಮೂರು ಮೂರಕ್ಕೆ ನಿಂತಿದೀವಿ. ಇವರು ಇಲ್ಲದಿದ್ರೆ ತೊಂಬತ್ತನಾಲ್ಕು ಪಾಯಿಂಟ್ ಒಂದು ಒಂದು ಎಂಟು." ಬೇರೆಲ್ಲೋ ಬೇರೆ ಯಾರೋ ತೊಂಬತ್ತನಾಲ್ಕು ಎಂದು ಆಗಲೇ ಪ್ರಕಟಿಸಿದ್ದರು. ಅದನ್ನು ದಾಟದಿದ್ದರೆ ಮೂರು ವರ್ಷದ ಕೆಲಸ ಮತ್ತೊಬ್ಬರ ಕೆಲಸದ ನೆರಳು. ಅವಳು ಕಡತದಲ್ಲಿ ನೋಡಬೇಕಾಗಿರಲಿಲ್ಲ. ನಲವತ್ತೊಂದು ಯಾರೆಂದು ಗೊತ್ತಿತ್ತು. "ಯಾರೋ ಒಬ್ಬರು," ಎಂದಿದ್ದಳು. "ಯಾರದೋ ಸಂಬಂಧಿಕರು. ನೋಡ್ತೀನಿ." ಅಷ್ಟೇ. ಯಾರದೋ ಸಂಬಂಧಿಕರು. ತನ್ನ ಹೆತ್ತ ತಾಯಿ ಬದುಕಿದ್ದು ನಲವತ್ತೊಂದು ಅವಳಾಗಿದ್ದರೆ, ತಾನು ಕಾಫಿ ಕೆಳಗಿಟ್ಟು ಎದ್ದು ಓಡುತ್ತಿದ್ದೆನೇ? ಈ ಪ್ರಶ್ನೆ ಕಳೆದ ಐದು ವಾರಗಳಿಂದ ಬಸ್ಸಿನಲ್ಲಿ, ಬಚ್ಚಲಲ್ಲಿ, ಪಾತ್ರೆ ತೊಳೆಯುವಾಗ ಬಂದು ಎದುರು ಕೂರುತ್ತಿತ್ತು. ಉತ್ತರ ಅವಳಿಗೆ ಗೊತ್ತಿತ್ತು. ಅದಕ್ಕೇ ಪ್ರಶ್ನೆ ಹೋಗುತ್ತಿರಲಿಲ್ಲ.

ಅವಳು ಆ ಕಾರಣ ಒತ್ತಿದ ಮೇಲಿನ ತಿಂಗಳುಗಳಲ್ಲಿ ಅತ್ತೆಯ ಮುಖ ಮುಚ್ಚಿಕೊಳ್ಳುತ್ತ ಬಂದಿತು. ನಗು ಕಣ್ಣಿನವರೆಗೆ ಬರುವುದು ನಿಂತಿತು, ಆಮೇಲೆ ತುಟಿಯವರೆಗೂ ಬರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಸಿಟ್ಟೆಂದುಕೊಂಡರು. ಸೊಸೆ ಈ ವಯಸ್ಸಲ್ಲಿ ಓದಲು ಹೊರಟಳೆಂಬ ಸಿಟ್ಟು ಎಂದು ಅವಳು ತೀರ್ಮಾನಿಸಿದಳು. ಇಷ್ಟು ವರ್ಷ ಸುಮ್ಮನಿದ್ದು ಈಗ ಪ್ರಬಂಧ ಬರೆಯುವ ಹೊತ್ತಿಗೆ ಮುಖ ಊದಿಸುತ್ತಿದ್ದಾರಲ್ಲ ಎಂದು ತಾನೂ ಬಿಗಿದುಕೊಂಡಳು. ಸುಮಾರು ಎರಡು ತಿಂಗಳು ಅವರಿಬ್ಬರ ನಡುವೆ ಊಟ, ಔಷಧ, ಬೀಗದ ಕೈ ಎಂಬ ಮೂರು ಮಾತುಗಳು ಮಾತ್ರ ಓಡಾಡಿದವು. ಅತ್ತೆಯ ತಮ್ಮನ ಮಗಳ ಮದುವೆಯಲ್ಲಿ ಹುಡುಗಿ ಓಡಿಬಂದು ತಬ್ಬಿಕೊಂಡಾಗಲೂ ಆ ಮುಖ ಅಲುಗಲಿಲ್ಲ. ತಮ್ಮನ ಹೆಂಡತಿ ಎಲ್ಲರಿಗೂ ಕೇಳುವಂತೆ, "ಮುಖ ಗಂಟು ಹಾಕ್ಕೊಂಡು ಕೂರೋಕೆ ಇಲ್ಲಿವರೆಗೂ ಯಾಕೆ ಬರಬೇಕಿತ್ತೋ," ಎಂದರು. ಅಂದಿನಿಂದ ಆ ಮನೆಯವರು ಫೋನು ಮಾಡಿರಲಿಲ್ಲ. ತಮ್ಮನ ಫೋನಿಗಾಗಿ ಭಾನುವಾರದ ಬೆಳಿಗ್ಗೆಗಳಲ್ಲಿ ಅತ್ತೆ ಫೋನಿನ ಪಕ್ಕದಲ್ಲೇ ಕೂರುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಅತ್ತೆಯ ಕಪ್ಪಿನಿಂದ ಚಹಾ ತುಳುಕಿ ಗಂಡನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಮೇಲೆ ಬಿದ್ದ ದಿನ, ಶಾಲೆಯಲ್ಲಿ ಗಣಿತ ಕಲಿಸುವ ಆ ಸಾಧು ಮನುಷ್ಯ, ಮಾತನಾಡದೆ ಎದ್ದು ಹೋಗಿ, ತಾಯಿಯ ಕೈಗೆ ಮಕ್ಕಳಿಗೆ ಕೊಡುವಂಥ ಎರಡು ಹಿಡಿಕೆಯ ಪ್ಲಾಸ್ಟಿಕ್ ಲೋಟ ಕೊಟ್ಟಿದ್ದ. ಮತ್ತು ಅವಳು. ಲ್ಯಾಬಿಗೆ ತಡವಾಗಿದ್ದ ಒಂದು ದಿನ, ದಾರಿಯಲ್ಲಿ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಬಿಡಬೇಕಿತ್ತು; ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಅತ್ತೆ ಒಂದು ಕಾಲು ಕೆಳಗಿಟ್ಟು ಇನ್ನೊಂದನ್ನು ಮರೆತವರಂತೆ ನಿಂತುಬಿಟ್ಟಿದ್ದರು. ಹಿಂದೆ ನಾಲ್ಕು ಜನ ದಾರಿಗಾಗಿ ಕಾಯುತ್ತಿದ್ದರು. "ಬೇಕಂತಲೇ ಮಾಡ್ತೀರ ನೀವು," ಎಂದಿದ್ದಳು, ಹಲ್ಲು ಕಚ್ಚಿ, ಆ ನಾಲ್ವರಿಗೂ ಕೇಳುವಂತೆ. ಅತ್ತೆ ಅವಳ ಕಡೆ ತಿರುಗಿ ನೋಡಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಆ ಮುಖವನ್ನು ಅವಳು ಅಹಂಕಾರವೆಂದು ಓದಿಕೊಂಡಿದ್ದಳು, ದಿನಕ್ಕೆ ಎಂಟು ಗಂಟೆ ಅಂಥವೇ ಮುಖಗಳನ್ನು ಚಾಪೆಯ ಮೇಲೆ ನಡೆಸುತ್ತಿದ್ದವಳು.

ಕೊನೆಗೆ, ಐದು ವಾರದ ಹಿಂದೆ, ಗಂಡನೇ ಅತ್ತೆಯನ್ನು ಬೇರೊಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಿಗೆ ಐದು ನಿಮಿಷ ಸಾಕಾಯಿತು. ಮನೆಗೆ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟು ಗಂಡ, "ನಿನ್ನ ಸಬ್ಜೆಕ್ಟೇ ಅಂತೆ," ಎಂದ. ಅದರಲ್ಲಿ ಚುಚ್ಚು ಇರಲಿಲ್ಲ, ಬರಿಯ ಆಶ್ಚರ್ಯವಿತ್ತು. ಚುಚ್ಚಿದ್ದರೆ ಚೆನ್ನಾಗಿತ್ತು ಎನಿಸಿತ್ತು ಅವಳಿಗೆ.

ಪೋಸ್ಟರು ಅಂಟಿಸಿದ ದಿನವೇ ಮಧ್ಯಾಹ್ನ ಊಟದ ನಂತರ ಡಾಕ್ಟರ ಕೋಣೆಯಲ್ಲಿ ಡಾಕ್ಟರು, ಮೇಷ್ಟ್ರು, ಡೆಸಿಮಲ್ ಮೂವರೂ ಕೂತಿದ್ದರು. ಪರೀಕ್ಷಕರು ಪೋಸ್ಟರು ಮೆಚ್ಚಿಕೊಂಡಿದ್ದಾರೆಂಬ ಸುದ್ದಿ ಬಂದಿತ್ತು. ಚಾಪೆ ಮೇಷ್ಟ್ರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲು ಬಾಯಿಗೆ ಸೇರಿಸುವ ಪ್ರಯೋಗದಲ್ಲಿದ್ದರು. ಅವಳು ನಿಂತೇ ಹೇಳಿದಳು. ಕೂತರೆ ಹೇಳಲಾರೆ ಎನಿಸಿತ್ತು. ನಲವತ್ತೊಂದು ನಮ್ಮ ಅತ್ತೆ. ಅವರು ಮಾತಾಡಲಿಲ್ಲ. ಕಾರಣ ನಾನೇ ಹುಟ್ಟಿಸಿದ್ದು. ಅವರಿಗೆ ಕಾಯಿಲೆ ಇದೆ ಎಂದು ಈಗ ಗೊತ್ತಾಗಿದೆ. ಐದು ವಾರ ಅವಳು ಈ ಗಳಿಗೆಯನ್ನು ಅನೇಕ ಸಲ ಬದುಕಿದ್ದಳು: ಡಾಕ್ಟರು ಕನ್ನಡಕ ತೆಗೆಯುತ್ತಾರೆ, ಮೇಷ್ಟ್ರು ತಲೆ ತಗ್ಗಿಸುತ್ತಾರೆ, ನಾಲ್ಕು ವರ್ಷದ ಕೆಲಸ ಕಸದ ಬುಟ್ಟಿಗೆ ಹೋಗುತ್ತದೆ. ಪ್ರತಿಸಲವೂ ಅಲ್ಲಿಗೆ ಬಂದಾಗ ಒಳಗೆ ಏನೋ ಸ್ವಲ್ಪ ಸಡಿಲವಾಗುತ್ತಿತ್ತು.

ಡಾಕ್ಟರು ಕನ್ನಡಕ ತೆಗೆಯಲಿಲ್ಲ. "ಯಾವಾಗ ಗೊತ್ತಾಯ್ತು ಅಂದ್ರಿ?"

"ಐದು ವಾರ ಆಯ್ತು ಸರ್."

"ಚಾಪೆ ಮೇಲೆ ನಡೆದದ್ದು?"

"ಅದಕ್ಕೆ ಹತ್ತೊಂಬತ್ತು ತಿಂಗಳು ಮೊದಲು."

"ಹತ್ತೊಂಬತ್ತು," ಎಂದರು ಡಾಕ್ಟರು. ಅವರ ಮುಖದಲ್ಲಿ ಒಂದು ಬೆಳಕು ಹುಟ್ಟಿ ನಿಧಾನವಾಗಿ ಹರಡುವುದನ್ನು ಅವಳು ನೋಡುತ್ತ ನಿಂತಳು. "ಆಗ ಮನೆಯವರಿಗಾಗಲಿ, ನಿಮಗಾಗಲಿ ಏನೂ ಗೊತ್ತಿರಲಿಲ್ಲ. ಆರಕ್ಕೆ ಆರು ಸಲ."

"ನಿಮ್ಮೆಲ್ಲರಿಗಿಂತ ಮೊದಲು ನನ್ನ ಚಾಪೆಗೆ ಗೊತ್ತಾಗಿದೆ ಅನ್ನಿ," ಎಂದರು ಮೇಷ್ಟ್ರು. ಬಿಸ್ಕತ್ತು ಚಹಾದೊಳಗೆ ಬಿದ್ದುಹೋಯಿತು. ಅವರು ಅದನ್ನು ಗಮನಿಸಲಿಲ್ಲ.

"ವಾಪಸ್ ಸೇರಿಸಿದ್ರೆ ತೊಂಬತ್ತನಾಲ್ಕು ಪಾಯಿಂಟ್ ಒಂದು ಆರು ಏಳು," ಎಂದಳು ಡೆಸಿಮಲ್, ಯಾರೂ ಕೇಳದಿದ್ದರೂ. ಆದರೆ ಅವಳು ಮೇಜಿನ ಕಡೆ ನೋಡುತ್ತಿದ್ದಳು.

"ಸುಳ್ಳು ಬರೆದೆ ಸರ್," ಎಂದಳು ನಿಂತೇ ಇದ್ದ ಅವಳು ಮತ್ತೆ. ಮೊದಲ ಸಲ ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ.

"ತಿದ್ದೋಣ. ತಪ್ಪು ಅಂದ್ಕೊಂಡು ಬಿಟ್ವಿ, ಆಮೇಲೆ ನಿಜ ಅಂತ ತಿಳೀತು. ಇದರಲ್ಲಿ ನಾಚಿಕೆ ಏನಿದೆ? ಇದು ಇನ್ನೊಂದು ಪ್ರಬಂಧ ರೀ. ಬೇರೆಯವರು ಇಂಥ ಒಂದು ಕೇಸಿಗೆ ಬಾಯಿ ಬಾಯಿ ಬಿಡ್ತಾರೆ."

"ಆಗಲೇ ಹೇಳಿದ್ದಿದ್ರೆ ಅವರಿಗೆ..."

"ಕಾಯಿಲೆ ಏನೂ ನಿಲ್ತಿರಲಿಲ್ಲ," ಎಂದರು ಡಾಕ್ಟರು, ಈಗ ಡಾಕ್ಟರಂತೆ, ಮೃದುವಾಗಿ. "ಮಾತ್ರೆ ಬೇಗ ಶುರುವಾಗ್ತಿತ್ತು, ಕೈಕಾಲು ಸ್ವಲ್ಪ ಹಗುರ ಇರ್ತಿತ್ತು. ಅಷ್ಟೇ. ಸುಮ್ನೆ ತಲೆ ಕೆಡಿಸ್ಕೋಬೇಡಿ."

ಅಷ್ಟೇ. ಆ ಹತ್ತೊಂಬತ್ತು ತಿಂಗಳು ಮೆಟ್ಟಿಲ ಮೇಲೆ, ಮದುವೆಮನೆಯಲ್ಲಿ, ಎರಡು ಹಿಡಿಕೆಯ ಲೋಟದ ಹಿಂದೆ ಒಬ್ಬರು ಕೂತಿದ್ದರು ಎಂಬುದನ್ನು ಯಾವ ಕಾಲಮಿನಲ್ಲಿ ತುಂಬಿಸುವುದು ಎಂದು ಕೇಳಬೇಕೆನಿಸಿತು. ಅವಳ ತಪ್ಪನ್ನು ಅವರು ಅವಳ ಕೈಯಿಂದ ನಯವಾಗಿ ತೆಗೆದುಕೊಂಡು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಉಪಯೋಗಕ್ಕೆ ಬರುತ್ತದೆ ಎಂದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಖಾಲಿ ಕೈಯಲ್ಲಿ ಅವಳು ನಿಂತಿದ್ದಳು. ಹೊಸ ಒಪ್ಪಿಗೆ ಪತ್ರ ಬೇಕು, ಹಳೆಯದರಲ್ಲಿ ಇದಕ್ಕೆ ಜಾಗವಿಲ್ಲ ಎಂದು ಡಾಕ್ಟರು ಅಲ್ಲೇ ಹೇಳಿ ಬರೆಸಿದರು. ಡೆಸಿಮಲ್ ಟೈಪು ಮಾಡಿದಳು. ಪ್ರಿಂಟರು ಹಾಳೆಯನ್ನು ಬೆಚ್ಚಗೆ ಹೊರಕ್ಕೆ ನೂಕಿತು. "ನಾಳೆ ಬೆಳಿಗ್ಗೆ ಸಹಿ ತಂದ್ಬಿಡಿ. ಅತ್ತೆ ತಾನೇ, ಮನೇಲೇ ಇರ್ತಾರಲ್ಲ."

ಹೊರಗೆ ಪಡಸಾಲೆಯಲ್ಲಿ ಪೋಸ್ಟರುಗಳನ್ನು ಕಿತ್ತು ಸುರುಳಿ ಸುತ್ತುತ್ತಿದ್ದರು. ಡೆಸಿಮಲ್ ಹಿಂದೆಯೇ ಬಂದಳು. "ಮೇಡಂ, ನಾನು ಅವತ್ತು ಕೇಳಿದ್ದೆ ಅಲ್ವಾ, ಯಾರು ಅಂತ."

"ಹೂಂ."

"ನೀವು ಯಾರೋ ಅಂದ್ರಿ." "ಇನ್ನೊಂದು ಸಲ ಕೇಳ್ಬೇಕಿತ್ತು ನಾನು. ನಂಬರು ಚೆನ್ನಾಗಿ ಬಂತು. ಸುಮ್ಮನಾದೆ," ಎಂದಳು. ಒಂದೇ ಒಂದು ದಶಮಾಂಶವಿಲ್ಲದ ಮಾತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಲಿಫ್ಟಿನವರೆಗೆ ನಡೆದರು, ಅದು ಕೆಟ್ಟಿದೆಯೆಂದು ನೆನಪಾಗಿ ಮೆಟ್ಟಿಲ ಕಡೆ ತಿರುಗಿದರು.

ಬಸ್ಸಿನಲ್ಲಿ ಹಾಳೆಯನ್ನು ಮಡಿಸದೆ, ರಟ್ಟಿನ ಕಡತದೊಳಗಿಟ್ಟು ಎದೆಗೊತ್ತಿಕೊಂಡಿದ್ದಳು. ಹೇಗೆ ಕೇಳುವುದು ಎಂಬ ಚಿಂತೆ ಮೂರನೆಯ ನಿಲ್ದಾಣದ ಹೊತ್ತಿಗೆ, ಏನೂ ಹೇಳದೆಯೂ ಕೇಳಬಹುದಲ್ಲ ಎಂಬ ಯೋಚನೆಯಾಯಿತು. ಇಲ್ಲೊಂದು ಸಹಿ ಹಾಕಿ ಅತ್ತೆ, ಎಂದರೆ ಸಾಕು. ಅತ್ತೆ ಅವಳ ಯಾವ ಕಾಗದವನ್ನೂ ಎರಡು ಸಲ ನೋಡಿದವರಲ್ಲ. ಓದುವ ಕನ್ನಡಕ ಒಳಕೋಣೆಯ ಡ್ರಾಯರಿನಲ್ಲಿರುತ್ತದೆ. ಈ ಯೋಚನೆ ಬಂದ ಕೂಡಲೇ ಹೊಟ್ಟೆಯೊಳಗೆ ಒಂದು ನೆಮ್ಮದಿ ಇಳಿಯಿತು. ನೆಮ್ಮದಿಯನ್ನು ಗುರುತಿಸಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಸಹ್ಯವಾದರೂ ನೆಮ್ಮದಿ ಹೋಗಲಿಲ್ಲ. ಎರಡೂ ಅಕ್ಕಪಕ್ಕದ ಸೀಟಿನವರಂತೆ ಮನೆಯ ನಿಲ್ದಾಣದವರೆಗೂ ಜೊತೆಗೇ ಬಂದವು.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಸಂಜೆಯ ಬಿಸಿಲು ಮಡಿಲಿನವರೆಗೆ ಬಂದಿತ್ತು. ಒಳಕೋಣೆಯಲ್ಲಿ ಗಂಡ ಉತ್ತರಪತ್ರಿಕೆಗಳ ಹಾಳೆ ತಿರುವುವ ಸದ್ದು. ಅವಳು ಮುಖ ತೊಳೆದು ಬಂದು ಸ್ಟೂಲು ಎಳೆದುಕೊಂಡು ಅತ್ತೆಯ ಎದುರು ಕೂತಳು.

"ಏನದು ಕೈಯಲ್ಲಿ?"

"ಒಂದು ಸಹಿ ಬೇಕಿತ್ತು ಅತ್ತೆ. ನಮ್ಮ ಕಾಲೇಜಿಂದು."

"ನನ್ನ ಆಸ್ತಿ ಎಲ್ಲಾ ಬರೆಸ್ಕೊಳ್ತಿದೀಯಾ?"

ತಮಾಷೆಯೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಮುಖ ಏನೂ ಹೇಳುತ್ತಿರಲಿಲ್ಲ. ಮಾತುಗಳನ್ನು ಒಂದೊಂದಾಗಿ ಮುಖದಿಂದ ಬಿಡಿಸಿ ಕೇಳಬೇಕಾಗಿತ್ತು. ಈ ಎಲ್ಲ ತಿಂಗಳು ಅತ್ತೆ ಎಷ್ಟು ತಮಾಷೆ ಮಾಡಿರಬಹುದು, ಯಾರೂ ನಗದೆ ಎಷ್ಟು ಹಾಗೇ ಬಿದ್ದುಹೋಗಿರಬಹುದು ಎಂದು ಅವಳಿಗೆ ಅನಿಸಿತು. ಪೆನ್ನಿನ ಮುಚ್ಚಳ ತೆಗೆದಳು. ಕಡತವನ್ನು ಅತ್ತೆಯ ತೊಡೆಯ ಮೇಲಿಟ್ಟಳು. ಬೆರಳಿನಿಂದ ಕೆಳಗಿನ ಗೆರೆ ತೋರಿಸಿದಳು. ಅತ್ತೆ ಪೆನ್ನು ತೆಗೆದುಕೊಂಡರು.

"ಏನಂತ ಬರೆದಿದೆ? ಓದು."

ಓದಿದಳು. ಮೊದಲ ಸಾಲು ಅಧ್ಯಯನದ ಹೆಸರು. ಎರಡನೆಯದು ಮೂರು ವಿಭಾಗಗಳ ಹೆಸರು. ಮೂರನೆಯದು, ಹೆಸರು ಗುಟ್ಟಾಗಿಡುತ್ತೇವೆಂಬ ಭರವಸೆ. ನಾಲ್ಕನೆಯದನ್ನು ಹಾರಿಸಿ ಐದಕ್ಕೆ ಹೋಗಬಹುದಿತ್ತು. ಕಣ್ಣು ಆಗಲೇ ಐದರ ಮೇಲಿತ್ತು. ಅತ್ತೆ ಕಾಯುತ್ತಿದ್ದರು, ಎಕ್ಸ್‌ಚೇಂಜಿನಲ್ಲಿ ಆ ತುದಿಯವರು ಫೋನೆತ್ತುವುದನ್ನು ಹೀಗೇ ಕಾಯುತ್ತಿದ್ದರೇನೋ, ತಲೆ ಸ್ವಲ್ಪ ವಾಲಿಸಿ. ಅವಳು ನಾಲ್ಕನೆಯ ಸಾಲನ್ನು ಓದಿದಳು. "ಈ ವ್ಯಕ್ತಿಯ ನಡಿಗೆಯಲ್ಲಿ ಕಾಯಿಲೆಯ ಲಕ್ಷಣಗಳನ್ನು ಯಂತ್ರವು ವೈದ್ಯರಿಗಿಂತ ಹತ್ತೊಂಬತ್ತು ತಿಂಗಳು ಮೊದಲೇ ಗುರುತಿಸಿತ್ತು, ಆದರೆ ಆ ಫಲಿತಾಂಶ ತಪ್ಪೆಂದು ಭಾವಿಸಿ ಅದನ್ನು ಅಧ್ಯಯನದಿಂದ ಕೈಬಿಡಲಾಯಿತು."

"ಇನ್ನೊಂದು ಸಲ ಓದು."

ಓದಿದಳು.

"ಆ ವ್ಯಕ್ತಿ ನಾನಾ?"

"ಹೌದು."

"ಕೈಬಿಟ್ಟವರು ಯಾರು?"

"ನಾನು."

ಅತ್ತೆ ಪೆನ್ನನ್ನು ಕಡತದ ಮೇಲಿಟ್ಟರು. ಅದು ಉರುಳಿತು, ಅವಳು ಹಿಡಿದುಕೊಂಡಳು. ಒಳಗೆ ಹಾಳೆ ತಿರುವುವ ಸದ್ದು ಬರುತ್ತಲೇ ಇತ್ತು. "ಹತ್ತೊಂಬತ್ತು ತಿಂಗಳು ಅಂದ್ರೆ," ಎಂದರು ಅತ್ತೆ, "ಮದುವೆಗೆ ಮುಂಚೆನಾ, ಆಮೇಲಾ?"

"ಮುಂಚೆ."

"ಅವನು ಆ ಲೋಟ ತಂದುಕೊಟ್ಟಿದ್ದು?"

"ಅದಕ್ಕೂ ಮುಂಚೆ ಅತ್ತೆ."

"ಮೆಟ್ಟಿಲ ಹತ್ರ ನೀನು..."

"ಹೂಂ. ಅದಕ್ಕೂ."

ಅತ್ತೆ ತಲೆಯಾಡಿಸಿದರು, ಅಥವಾ ತಲೆ ತಾನೇ ಆಡಿತು. ಅವಳು ಕಾಲಿಗೆ ಬೀಳಲೂ ಸಿದ್ಧಳಿದ್ದಳು, ಬೈಸಿಕೊಳ್ಳಲೂ ಸಿದ್ಧಳಿದ್ದಳು. ಅಳು ಬಂದರೆ ಸುಲಭವಾಗುತ್ತಿತ್ತು, ಬರಲಿಲ್ಲ. ಅತ್ತೆಯ ಮುಖದಲ್ಲಿ ಸಿಟ್ಟಿದೆಯೇ ಎಂದು ಹುಡುಕಿದಳು, ದುಃಖವಿದೆಯೇ ಎಂದು ಹುಡುಕಿದಳು. ಇಷ್ಟು ಹತ್ತಿರ ಕೂತು ಆ ಮುಖವನ್ನು ಓದಲು ಅವಳಿಗೆ ಬರುತ್ತಿರಲಿಲ್ಲ.

"ಅವನ್ನ ಕರಿ," ಎಂದರು ಅತ್ತೆ.

"ನಾನೇ ಆಮೇಲೆ ನಿಧಾನಕ್ಕೆ ಹೇಳ್ತೀನಿ ಅತ್ತೆ. ಅವರಿಗೆ ಪೇಪರ್ ಇದೆ..."

"ನೀನು ಹೇಳೋದು ಬೇಡ. ಓದು. ಇದರಲ್ಲಿ ಇರೋ ಹಾಗೇ. ನಾನು ಬೇಕಂತ ಮಾಡ್ಲಿಲ್ಲ ಅಂತ ಅವನ ಕಿವಿಗೂ ಬೀಳಲಿ. ನಾಳೆ ನನ್ನ ತಮ್ಮನಿಗೆ ಫೋನ್ ಹಚ್ಚಿಕೊಡು, ಅವನಿಗೂ ಓದು, ಅವನ ಹೆಂಡತಿಗೂ ಓದು. ಆಮೇಲೆ ಹಾಕ್ತೀನಿ ಸಹಿ." ಇಷ್ಟು ಉದ್ದದ ಮಾತು ಆಡಿ ಬಹಳ ದಿನಗಳಾಗಿದ್ದವು. ಅತ್ತೆ ಉಸಿರು ತೆಗೆದುಕೊಂಡರು. "ಕರಿ."

ಕರೆದಳು. ಗಂಡನ ಹೆಸರು ಹಿಡಿದು ಕರೆಯುವಾಗ ಅವಳ ದನಿಯೂ ಅತ್ತೆಯದರಷ್ಟೇ ಸಣ್ಣಗಾಯಿತು. ಎರಡನೆಯ ಸಲ ಕರೆಯಬೇಕಾಯಿತು. ಅವನು ಕೆಂಪು ಪೆನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದ. "ಏನು? ಇನ್ನೂ ಹದಿನಾರು ಪೇಪರ್ ಇದೆ."

"ಕೂತ್ಕೋ," ಎಂದರು ತಾಯಿ.

ಅವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ಮಂಚದ ಅಂಚಿನಲ್ಲಿ ಕೂತ. ಅವಳು ಹಾಳೆಯನ್ನು ಎತ್ತಿ ಹಿಡಿದಳು. ಅಧ್ಯಯನದ ಹೆಸರು ಓದಿದಳು. ಮೂರು ವಿಭಾಗಗಳ ಹೆಸರು ಓದಿದಳು.

"ಇದೆಲ್ಲ ಯಾಕೆ? ವಿಷಯಕ್ಕೆ ಬಾ," ಎಂದ ಅವನು, ಪೆನ್ನಿಗೆ ಮುಚ್ಚಳ ಹಾಕುತ್ತ.

ನಾಲ್ಕನೆಯದು ಬರುವ ಮೊದಲು, ಮೂರನೆಯ ಸಾಲನ್ನು ಅವಳು ತನ್ನಿಂದ ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಓದಿದಳು.